ಪರದೆ ಎಷ್ಟು ಉದ್ದ ಇರಬೇಕು: 5 ಅಡಿಯೋ, 7 ಅಡಿಯೋ, ನೆಲದವರೆಗೋ?

ಅಂಗಡಿಗೆ ಹೋಗಿ ರೆಡಿಮೇಡ್ ಪರದೆ ಕೇಳಿದರೆ ಸಾಮಾನ್ಯವಾಗಿ ಮೂರು ಅಳತೆ ತೋರಿಸುತ್ತಾರೆ. ಕಿಟಕಿಗೆ 5 ಅಡಿ, ಬಾಗಿಲಿಗೆ 7 ಅಡಿ, ಲಾಂಗ್ ಡೋರ್ ಅಂತ 9 ಅಡಿ. ಕೆಲವೆಡೆ 8 ಅಡಿಯದೂ ಸಿಗುತ್ತದೆ. ಅಗಲ ಹೆಚ್ಚುಕಡಿಮೆ ಎಲ್ಲದಕ್ಕೂ 4 ಅಡಿ. ಬಣ್ಣ ಆರಿಸಲು ಒಂದು ಗಂಟೆ ಹಿಡಿಯುತ್ತದೆ, ಉದ್ದದ ಮಾತು ಎರಡೇ ನಿಮಿಷದಲ್ಲಿ ಮುಗಿಯುತ್ತದೆ. ಮನೆಗೆ ತಂದು ಹಾಕಿದ ಮೇಲೆ ಕಣ್ಣಿಗೆ ಚುಚ್ಚುವುದು ಮಾತ್ರ ಉದ್ದವೇ.

ತಪ್ಪು ಶುರುವಾಗುವುದು ಅಂಗಡಿಯಲ್ಲಲ್ಲ, ಡ್ರಿಲ್ ಹಿಡಿದಾಗ. ಗೃಹಪ್ರವೇಶದ ಗಡಿಬಿಡಿಯಲ್ಲಿ ಕಾರ್ಪೆಂಟರ್ ಕಿಟಕಿಯ ಚೌಕಟ್ಟಿನಿಂದ ಮೂರು ಬೆರಳು ಮೇಲೆ ಬ್ರಾಕೆಟ್ ಹೊಡೆದು ಹೋಗಿರುತ್ತಾನೆ. ಆಮೇಲೆ ಆ ರಾಡಿಗೆ ಹೊಂದುವ ಪರದೆ ಹುಡುಕಲು ಹೊರಡುತ್ತೇವೆ. ಆ ಎತ್ತರಕ್ಕೆ ಸರಿಹೋಗುವ ರೆಡಿಮೇಡ್ ಅಳತೆ ಇಲ್ಲದೆಯೂ ಇರಬಹುದು. ಹಾಗಾಗಿ ಮೊದಲು ಉದ್ದ ನಿರ್ಧರಿಸಿ, ರಾಡಿನ ಜಾಗ ಅದರಿಂದ ತೀರ್ಮಾನವಾಗಲಿ.

ಮೊದಲು ಲೆಕ್ಕ

ಅಳೆಯಲು ಸ್ಟೀಲ್ ಟೇಪು ಬಳಸಿ. ಹೊಲಿಗೆಯ ಬಟ್ಟೆ ಟೇಪು ಹಳೆಯದಾದಂತೆ ಹಿಗ್ಗಿರುತ್ತದೆ. ಕಣ್ಣಳತೆಯನ್ನಂತೂ ನಂಬಲೇಬೇಡಿ.

ರಿಂಗು ಇರುವ ಪರದೆಯಲ್ಲಿ, ಅಂದರೆ ಐಲೆಟ್ ಪರದೆಯಲ್ಲಿ, ಬಟ್ಟೆಯ ಮೇಲಂಚು ರಾಡಿಗಿಂತ ಮೇಲಕ್ಕೆ ನಿಲ್ಲುತ್ತದೆ. ಸುಮಾರು 1.5 ಇಂಚು. ಇದನ್ನು ಮರೆತವರ ಪರದೆ ಯಾವಾಗಲೂ ಅಂದುಕೊಂಡಿದ್ದಕ್ಕಿಂತ ಗಿಡ್ಡವಾಗಿ ಬರುತ್ತದೆ. ಲೆಕ್ಕ ಹೀಗೆ: ನೆಲದಿಂದ ರಾಡಿನ ಮೇಲ್ಭಾಗದವರೆಗಿನ ಎತ್ತರಕ್ಕೆ 1.5 ಇಂಚು ಕೂಡಿಸಿ, ಕೆಳಗೆ ಬಿಡಬೇಕಾದ ಸಂದು ಕಳೆಯಿರಿ. ಬಂದದ್ದು ಹೊಲಿದು ಮುಗಿದ ಪರದೆಯ ಉದ್ದ. ನಿಮ್ಮ ಪರದೆಯಲ್ಲಿ ರಿಂಗಿನ ತೂತಿನ ಮೇಲ್ತುದಿಯಿಂದ ಬಟ್ಟೆಯ ಅಂಚಿನವರೆಗೆ ನಿಜಕ್ಕೂ ಎಷ್ಟಿದೆ ಎಂದು ಒಮ್ಮೆ ಅಳೆದು, 1.5ರ ಬದಲು ಅದನ್ನೇ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ರಾಡನ್ನು ಬಟ್ಟೆಯ ಮಡಿಕೆಯೊಳಗೇ ತೂರಿಸುವ ಪರದೆಗೆ ಈ 1.5 ಇಂಚು ಕೂಡಿಸಬೇಕಿಲ್ಲ. ಮಡಿಕೆಯ ಮೇಲೆ ಪುಟ್ಟ ಜಾಲರಿ ಬಿಟ್ಟಿದ್ದರೆ ಅದರ ಅಳತೆಯನ್ನಷ್ಟೇ ಕೂಡಿಸಿ. ಬಟ್ಟೆಯ ಪಟ್ಟಿಗಳಿಂದ ನೇತಾಡುವ ಪರದೆಗೆ ಲೆಕ್ಕ ತಿರುಗುತ್ತದೆ, ಏಕೆಂದರೆ ಬಟ್ಟೆ ರಾಡಿಗಿಂತ ಕೆಳಗಿನಿಂದ ಶುರುವಾಗುತ್ತದೆ. ಚಾನೆಲ್‌ಗೆ, ಅಂದರೆ ಹುಕ್ಕು ಜಾರುವ ಹಳಿಗೆ, ಹುಕ್ಕು ಹಾಕಿ ತೂಗಿಸುವ ನೆರಿಗೆ ಪರದೆಗೆ ಚಾನೆಲ್ಲಿನ ಕೆಳತುದಿಯಿಂದ ಅಳೆಯಬೇಕು. ಹುಕ್ಕಿನ ಟೇಪಿನಲ್ಲಿ ಎರಡು ಮೂರು ಸಾಲು ಕಿಂಡಿಗಳಿದ್ದರೆ ಹುಕ್ಕನ್ನು ಮೇಲೆ ಕೆಳಗೆ ಸರಿಸಿ ಒಂದು ಇಂಚಿನಷ್ಟು ಏರಿಸಿ ಇಳಿಸಬಹುದು. ಉದ್ದದ ವಿಷಯದಲ್ಲಿ ಆಮೇಲೂ ತಿದ್ದಿಕೊಳ್ಳಲು ಬಿಡುವುದು ಈ ಬಗೆಯೇ.

ಎಡ, ನಡು, ಬಲ ಮೂರೂ ಕಡೆ ಅಳೆಯಿರಿ. ಟೈಲ್ಸ್ ಹಾಕಿದ ನೆಲ ಸಪಾಟಾಗಿ ಕಂಡರೂ ಬಾಲ್ಕನಿಯ ಬಾಗಿಲ ಬಳಿ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಮೂರರಲ್ಲಿ ಕಡಿಮೆ ಬಂದ ಅಳತೆಯನ್ನೇ ಹಿಡಿಯಿರಿ. ರಾಡನ್ನು ಮಟ್ಟಗೋಲಿಟ್ಟು ನೇರವಾಗಿಯೇ ಕೂರಿಸಿ. ನೆಲದ ಓರೆಗೆ ತಕ್ಕಂತೆ ರಾಡನ್ನು ಓರೆ ಮಾಡಿದರೆ ಕಿಟಕಿಯ ಚೌಕಟ್ಟಿನ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ.

ಕಟ್ಟೆಯವರೆಗೆ, ಕಟ್ಟೆಗಿಂತ ಕೆಳಗೆ, ನೆಲದವರೆಗೆ

ಕಿಟಕಿಯ ಕಟ್ಟೆಯವರೆಗಿನ ಪರದೆ ಎಲ್ಲಕ್ಕಿಂತ ಚಿಕ್ಕದು. ಒಳಗೆ ಚಾಚಿಕೊಂಡ ಗ್ರಾನೈಟ್ ಚಪ್ಪಡಿಗಿಂತ ಅರ್ಧ ಇಂಚು ಮೇಲೆ ಅಂಚು ನಿಲ್ಲಬೇಕು. ಚಪ್ಪಡಿಗೆ ತಾಗಿದರೆ ಅಲ್ಲಿ ಕೂತ ಧೂಳು ಅಂಚಿನಲ್ಲಿ ಕಪ್ಪು ಗೆರೆಯಾಗಿ ಹತ್ತಿಕೊಳ್ಳುತ್ತದೆ. ಕಿಟಕಿಗೆ ಒತ್ತಿಕೊಂಡು ಓದುವ ಮೇಜು, ದಿವಾನ, ವಾಷಿಂಗ್ ಮೆಷಿನ್ ಇದ್ದರೆ ಇದೇ ಸರಿ. ಆದರೆ ಬೆಳಕು ಕೆಳಗಿನ ಸಂದಿನಿಂದ ನುಗ್ಗುತ್ತದೆ, ಮಲಗುವ ಕೋಣೆಗೆ ಆಗಿಬರುವುದಿಲ್ಲ.

ಕಟ್ಟೆಗಿಂತ 6 ಇಂಚಿನಷ್ಟು ಕೆಳಗಿಳಿಯುವ ಪರದೆಯೇ ನಮ್ಮ ಬಹುಪಾಲು ಮನೆಗಳಿಗೆ ಒಗ್ಗುವುದು. 4 ಇಂಚಿಗಿಂತ ಕಡಿಮೆ ಇಳಿದರೆ ಗಾಳಿಗೆ ಅಂಚು ಎದ್ದು ಕಟ್ಟೆಯ ಮೇಲೆ ಮಡಚಿ ಕೂರುತ್ತದೆ. 10 ಇಂಚಿಗಿಂತ ಹೆಚ್ಚು ಇಳಿದರೆ ಗೋಡೆಯ ನಡುವೆ ಅನಾಥವಾಗಿ ನೇತಾಡಿದಂತೆ ಕಾಣುತ್ತದೆ. ಕಿಟಕಿಯ ಕೆಳಗೆ ಮಂಚವಿದ್ದರೆ ಹಾಸಿಗೆಯ ಮೇಲ್ಮೈಗಿಂತ 2 ಇಂಚಾದರೂ ಮೇಲೆ ನಿಲ್ಲಿಸಿ. ಇಲ್ಲದಿದ್ದರೆ ಹಾಸಿಗೆ ಕೊಡವುವಾಗಲೆಲ್ಲ ಬಟ್ಟೆ ಸಿಕ್ಕಿಕೊಂಡು ಬ್ರಾಕೆಟ್ ಸಡಿಲವಾಗುತ್ತದೆ.

ನೆಲದವರೆಗಿನ ಪರದೆ ಕೋಣೆಯನ್ನು ಎತ್ತರವಾಗಿ ತೋರಿಸುತ್ತದೆ, ಬೆಳಕನ್ನೂ ಚೆನ್ನಾಗಿ ತಡೆಯುತ್ತದೆ. ಹಾಲ್‌ನ ದೊಡ್ಡ ಕಿಟಕಿಗೆ, ಬಾಲ್ಕನಿಯ ಗಾಜಿನ ಬಾಗಿಲಿಗೆ ಬೇರೆ ಯೋಚನೆಯೇ ಬೇಡ. ಇಲ್ಲಿ ಗಮನಿಸಬೇಕಾದ್ದು ಕೆಳಗಿನ ಸಂದು. ಪತ್ರಿಕೆಗಳ ಚಿತ್ರಗಳಲ್ಲಿ ಪರದೆ ನೆಲಕ್ಕೆ ಮುತ್ತಿಟ್ಟಂತೆ ನಿಂತಿರುತ್ತದೆ, ಕೆಲವು ಚಿತ್ರಗಳಲ್ಲಿ ನೆಲದ ಮೇಲೆ ಹರಡಿಕೊಂಡೇ ಇರುತ್ತದೆ. ದಿನಾ ಕಸ ಗುಡಿಸಿ ನೀರು ಹಾಕಿ ನೆಲ ಒರೆಸುವ ಮನೆಗೆ ಅದು ಬೇಡ. ಒದ್ದೆ ನೆಲ ತಾಗಿದ ಬಟ್ಟೆ ನೀರನ್ನು ಮೇಲಕ್ಕೆ ಹೀರುತ್ತದೆ. ಫಿನಾಯಿಲಿನ ಕಲೆ ಎರಡು ಮೂರು ಇಂಚು ಎತ್ತರದವರೆಗೆ ಅಲೆಯ ಆಕಾರದಲ್ಲಿ ಉಳಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮಳೆಗಾಲದಲ್ಲಿ ಅಲ್ಲಿಂದಲೇ ಬೂಸ್ಟು ಶುರು. ಪೂರ್ತಿ 1 ಇಂಚು ಸಂದು ಬಿಡಿ, ಮಾಪ್ ಕೆಳಗೆ ತೂರುತ್ತದೆ, ದೂರದಿಂದ ನೋಡಿದವರಿಗೆ ಸಂದು ಕಾಣುವುದಿಲ್ಲ. 2 ಇಂಚು ದಾಟಿದರೆ ಕಾಣತೊಡಗುತ್ತದೆ.

ಈ ಮೂರೂ ಅಲ್ಲದ ಎಡೆಯಲ್ಲಿ ನಿಂತ ಪರದೆ, ಅಂದರೆ ನೆಲಕ್ಕಿಂತ ಅರ್ಧ ಅಡಿಯಿಂದ ಒಂದೂವರೆ ಅಡಿ ಮೇಲೆ ನಿಂತದ್ದು, ಬೆಳೆಯುವ ಹುಡುಗನ ಕಳೆದ ವರ್ಷದ ಪ್ಯಾಂಟಿನ ಹಾಗೆ ಕಾಣುತ್ತದೆ. ರೆಡಿಮೇಡ್ 7 ಅಡಿಯ ಪರದೆಯನ್ನು ಕಿಟಕಿಗೆ ಹಾಕಿದವರ ಮನೆಯಲ್ಲಿ ಇದನ್ನೇ ನೋಡುತ್ತೀರಿ.

ಅರ್ಧ ಪರದೆಯದು ಬೇರೆಯೇ ಜಾತಿ. ಹಳೆಯ ಹೆಂಚಿನ ಮನೆಗಳಲ್ಲಿ, ರಸ್ತೆಗೆ ತಾಗಿದ ಕೋಣೆಗಳಲ್ಲಿ, ಕಂಬಿಯ ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ಸ್ಪ್ರಿಂಗ್ ವೈರಿನ ಮೇಲೆ ಹಾಕುವಂಥದ್ದು. ಮೇಲಿಂದ ಬೆಳಕು, ಗಾಳಿ ಬರುತ್ತದೆ, ಹಾದು ಹೋಗುವವರಿಗೆ ಒಳಗೆ ಕಾಣುವುದಿಲ್ಲ. ಖರ್ಚೂ ಕಡಿಮೆ. ಇಲ್ಲಿ ಕೆಡುವುದು ಸ್ಪ್ರಿಂಗು. ಚೌಕಟ್ಟಿನ ಅಗಲದಷ್ಟೇ ಕತ್ತರಿಸಿ ಹಾಕಿದರೆ ಬಟ್ಟೆಯ ಭಾರಕ್ಕೆ ನಡುವೆ ಜೋತು ಬೀಳುತ್ತದೆ, ಪರದೆ ಮಧ್ಯದಲ್ಲಿ ಉದ್ದ, ಬದಿಯಲ್ಲಿ ಗಿಡ್ಡವಾಗಿ ಕಾಣುತ್ತದೆ. ಅಗಲಕ್ಕಿಂತ ಗಿಡ್ಡವಾಗಿ ಕತ್ತರಿಸಿ, ಬಿಗಿಯಾಗಿ ಎಳೆದು ಕೊಕ್ಕೆಗೆ ಸಿಕ್ಕಿಸಬೇಕು. 4 ಅಡಿಗಿಂತ ಅಗಲವಾದ ಕಿಟಕಿಗೆ ಸ್ಪ್ರಿಂಗ್ ಬೇಡ, ತೆಳು ರಾಡೇ ಇರಲಿ. ಕಿಟಕಿಯ ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಪರದೆಯನ್ನು ಚೌಕಟ್ಟಿಗಲ್ಲ, ಬಾಗಿಲ ಹಲಗೆಗೇ ಹಾಕುವುದು ಲೇಸು.

ರೆಡಿಮೇಡ್ ಅಳತೆ, ನಿಮ್ಮ ಗೋಡೆ

ಈಗ ಒಂದು ಮಾಮೂಲಿ ಗೋಡೆ ತೆಗೆದುಕೊಳ್ಳೋಣ. ಕಿಟಕಿಯ ಕಟ್ಟೆ ನೆಲದಿಂದ 3 ಅಡಿ, ಕಿಟಕಿಯ ಮೇಲ್ತುದಿ, ಅಂದರೆ ಲಿಂಟಲ್ ಮಟ್ಟ, 7 ಅಡಿ, ಸೂರು 10 ಅಡಿ. ಬೆಂಗಳೂರಿನ ಸೈಟಿನ ಮನೆಯಾಗಲಿ ಹುಬ್ಬಳ್ಳಿಯ ಫ್ಲಾಟಾಗಲಿ, ಇದರ ಆಸುಪಾಸಿನಲ್ಲೇ ಇರುತ್ತದೆ.

ರಾಡನ್ನು 7 ಅಡಿ 4 ಇಂಚಿಗೆ, ಅಂದರೆ 88 ಇಂಚಿಗೆ ಹಾಕಿದಿರಿ ಎನ್ನಿ. ಪರದೆಯ ಮೇಲಂಚು 89.5 ಇಂಚಿನಲ್ಲಿ ನಿಲ್ಲುತ್ತದೆ. 5 ಅಡಿಯ ಪರದೆಯ ಕೆಳಅಂಚು 29.5ಕ್ಕೆ ಬರುತ್ತದೆ, ಕಟ್ಟೆಗಿಂತ ಆರೂವರೆ ಇಂಚು ಕೆಳಗೆ. ಹೇಳಿ ಮಾಡಿಸಿದ ಹಾಗೆ. ಅದೇ ರಾಡಿಗೆ 7 ಅಡಿಯದನ್ನು ಹಾಕಿದರೆ ನೆಲದಿಂದ ಐದೂವರೆ ಇಂಚು ಮೇಲೆ ನಿಲ್ಲುತ್ತದೆ, ಆ ಗಿಡ್ಡ ಪ್ಯಾಂಟು. ಅದನ್ನು ನೆಲದ ಹತ್ತಿರ ತರಬೇಕೆಂದರೆ ರಾಡು 83.5 ಇಂಚಿಗೆ ಇಳಿಯಬೇಕು, ಆಗ ಅದು ಕಿಟಕಿಯ ಗಾಜಿಗೇ ಅಡ್ಡ ಬರುತ್ತದೆ. ಈ ಗೋಡೆಗೆ 7 ಅಡಿಯ ಪರದೆ ಯಾವ ರೀತಿಯಲ್ಲೂ ಸರಿಹೋಗುವುದಿಲ್ಲ.

8 ಅಡಿಯದಕ್ಕೆ ರಾಡು 95.5 ಇಂಚಿನಲ್ಲಿ ಬರಬೇಕು, ಕಿಟಕಿಗಿಂತ ಸುಮಾರು ಒಂದು ಅಡಿ ಮೇಲೆ. 9 ಅಡಿಯದಕ್ಕೆ 107.5 ಇಂಚು, ಸೂರಿಗಿಂತ ಒಂದು ಅಡಿ ಕೆಳಗೆ. ಎರಡೂ ಚೆನ್ನಾಗಿಯೇ ಕಾಣುತ್ತವೆ. ಫಾಲ್ಸ್ ಸೀಲಿಂಗ್ ಹಾಕಿ ಎತ್ತರ 9 ಅಡಿಗೆ ಇಳಿದಿದ್ದರೆ 9 ಅಡಿಯ ಪರದೆಗೆ ಜಾಗವೇ ಇಲ್ಲ. ಆಗ 8 ಅಡಿಯದನ್ನು ಹುಡುಕಿ, ಇಲ್ಲವೇ 9 ಅಡಿಯದನ್ನು ತಂದು ಕೆಳಗೆ ಮಡಿಸಿ. ಉದಾಹರಣೆಗೆ ರಾಡು 103 ಇಂಚಿಗಿದ್ದರೆ ಬೇಕಾದ ಉದ್ದ 103.5 ಇಂಚು, ನಾಲ್ಕೂವರೆ ಇಂಚು ಕಡಿಮೆ ಮಾಡಿದರೆ ಸಾಕು.

ಲೇಬಲ್ ಮೇಲೆ 7 ಅಡಿ ಎಂದಿದ್ದರೂ ಬಿಚ್ಚಿ ಅಳೆದರೆ ಒಂದು ಇಂಚು ಹೆಚ್ಚುಕಡಿಮೆ ಇರುವುದು ಹೊಸತೇನಲ್ಲ. ಒಂದೇ ಪ್ಯಾಕಿನ ಎರಡು ಪರದೆಗಳ ನಡುವೆಯೂ ಅರ್ಧ ಇಂಚಿನ ವ್ಯತ್ಯಾಸ ಬರುತ್ತದೆ. ಡ್ರಿಲ್ ಹಿಡಿಯುವ ಮೊದಲು ಪರದೆ ಕೈಯಲ್ಲಿರಲಿ.

ಡ್ರಿಲ್ಲಿನ ವಿಷಯಕ್ಕೆ ಬಂದರೆ, ಕಿಟಕಿಯ ತಲೆಯ ಮೇಲಿನ ಅರ್ಧ ಅಡಿ ಸಾಮಾನ್ಯವಾಗಿ ಕಾಂಕ್ರೀಟ್ ಲಿಂಟಲ್. 88 ಇಂಚಿನ ಬ್ರಾಕೆಟ್ ಅಲ್ಲಿಗೇ ಬರುತ್ತದೆ. ಸಾದಾ ಡ್ರಿಲ್ಲಿಗೆ ಅದು ಬಗ್ಗುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ತೂತು ಅರ್ಧಕ್ಕೇ ನಿಂತಾಗ ಪ್ಲಗ್ಗನ್ನು ಕತ್ತರಿಸಿ ಗಿಡ್ಡ ಸ್ಕ್ರೂ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. ಆ ಸ್ಕ್ರೂ ಹಿಡಿದಿರುವುದು ಬರೀ ಗಾರೆಯನ್ನು. ಭಾರದ ಪರದೆಯನ್ನು ದಿನಾ ಎಳೆದರೆ ಕೆಲವೇ ತಿಂಗಳಲ್ಲಿ ಗಾರೆಸಮೇತ ಕಿತ್ತು ಬರುತ್ತದೆ. ಎಂಟು, ಒಂಬತ್ತು ಅಡಿಯ ಎತ್ತರದಲ್ಲಿ ಇಟ್ಟಿಗೆಯೋ ಬ್ಲಾಕೋ ಸಿಗುತ್ತದೆ, ತೂತು ಸಲೀಸು. ಟೊಳ್ಳು ಬ್ಲಾಕಾದರೆ ಮಾತ್ರ ಉದ್ದನೆಯ ಪ್ಲಗ್ ಬೇಕು. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಹಲಗೆಗೆ ನೇರವಾಗಿ ಚಾನೆಲ್ ಹೊಡೆಯಬೇಡಿ. ಸೀಲಿಂಗ್ ಕಟ್ಟುವಾಗಲೇ ಆ ಜಾಗದಲ್ಲಿ ಮೇಲೊಂದು ಪ್ಲೈವುಡ್ ಪಟ್ಟಿ ಕೂರಿಸಲು ಹೇಳಿ.

5 ಅಡಿಗಿಂತ ಉದ್ದದ ರಾಡಿಗೆ ನಡುವೆ ಇನ್ನೊಂದು ಬ್ರಾಕೆಟ್ ಕಡ್ಡಾಯ. ಅದಿಲ್ಲದೆ ರಾಡು ಮಧ್ಯೆ ಅರ್ಧ ಇಂಚು ಬಾಗಿದರೂ ಪರದೆ ಅಷ್ಟೇ ಕೆಳಗಿಳಿದು, ಮುಚ್ಚಿದಾಗ ನಡುವಿನ ಅಂಚು ಜೋಲುತ್ತದೆ. ಪರದೆ ಹಿಗ್ಗಿದೆ ಎಂದುಕೊಂಡು ಟೈಲರ್ ಹತ್ತಿರ ಓಡುವವರು ಮೊದಲು ರಾಡಿಗೆ ದಾರ ಹಿಡಿದು ನೋಡಲಿ.

ಅಗಲದ ಬಗ್ಗೆ ಇಷ್ಟು ಸಾಕು: ರಾಡು ಕಿಟಕಿಗಿಂತ ಎರಡೂ ಬದಿ 6 ಇಂಚು ಹೆಚ್ಚಿರಲಿ, ಬಟ್ಟೆಯ ಒಟ್ಟು ಅಗಲ ರಾಡಿನ ಒಂದೂವರೆಯಿಂದ ಎರಡು ಪಟ್ಟು ಇರಲಿ. 4 ಅಡಿಯ ಕಿಟಕಿಗೆ 5 ಅಡಿಯ ರಾಡು, ಎರಡು ಪರದೆ ಸಾಕು. 6 ಅಡಿಯ ಕಿಟಕಿಗೆ ಅದೇ ಎರಡು ಹಾಕಿದರೆ ನೆರಿಗೆಯೇ ಉಳಿಯದೆ ಬೆಡ್‌ಶೀಟ್ ಒಣಹಾಕಿದ್ದಾರೆ ಅನ್ನಿಸುತ್ತದೆ, ಮೂರಾದರೂ ಬೇಕು.

ಬಾಗಿಲ ಪರದೆ

7 ಅಡಿಯ ಪರದೆ ಇರುವುದೇ ಇದಕ್ಕೆ. ಆದರೂ ರಾಡು ಎಲ್ಲಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಚೌಕಟ್ಟಿನ ಹೊರ ಎತ್ತರ 7 ಅಡಿ ಇದ್ದರೆ ಒಳಗಿನ ತೆರಪು ಸುಮಾರು 6 ಅಡಿ 9 ಇಂಚು. ಚೌಕಟ್ಟಿನ ಒಳಗೆ 79 ಇಂಚಿನಲ್ಲಿ ರಾಡು ಸಿಕ್ಕಿಸಿದರೆ 7 ಅಡಿಯ ಪರದೆ ಮೂರೂವರೆ ಇಂಚು ನೆಲದ ಮೇಲೆ ಬೀಳುತ್ತದೆ, ಕಾಲಿಗೆ ತೊಡರುತ್ತದೆ. ಅದೇ ರಾಡನ್ನು ಚೌಕಟ್ಟಿನ ಮೇಲೆ ಗೋಡೆಗೆ 85 ಇಂಚಿನಲ್ಲಿ ಹಾಕಿದರೆ ಅಂಚು ನೆಲದಿಂದ ಎರಡೂವರೆ ಇಂಚು ಮೇಲೆ ನಿಲ್ಲುತ್ತದೆ. ಜನ ಓಡಾಡುವ ಬಾಗಿಲಿಗೆ ಅಷ್ಟು ಸಂದು ಬೇಕು. ಮುಂಬಾಗಿಲಿನಲ್ಲಿ ಹೊಸ್ತಿಲಿನ ಮೇಲ್ತುದಿಯಿಂದ ಅಳೆಯಿರಿ, ನೆಲದಿಂದಲ್ಲ. ಅಜ್ಜ ಅಜ್ಜಿ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಇನ್ನೂ ಒಂದು ಇಂಚು ಮೇಲಿದ್ದರೆ ತಪ್ಪೇನಿಲ್ಲ. ದೇವರಕೋಣೆಯಲ್ಲಿ ಪರದೆಯ ಅಂಚು ಗಾಳಿಗೆ ಹಾರಿದರೂ ದೀಪಕ್ಕೆ ತಾಗದಂತಿರಬೇಕು. ಒಲೆಯ ಪಕ್ಕದ ಅಡುಗೆಮನೆ ಕಿಟಕಿಗೆ ಪರದೆಯೇ ಬೇಡ.

ಹೊಲಿಸುವುದಾದರೆ

ರೆಡಿಮೇಡ್ ಹೊಂದದ ಗೋಡೆಗೆ ಬಟ್ಟೆ ತಂದು ಹೊಲಿಸುವುದೇ ದಾರಿ. ಪರದೆ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 48 ಇಂಚು, ಕೆಲವು 54. ಮೇಲಿನ ಮಡಿಕೆ, ಕೆಳಗಿನ ಮಡಿಕೆ ಎಲ್ಲ ಸೇರಿ ಉದ್ದಕ್ಕೆ 12 ಇಂಚು ಕೂಡಿಸಿ ಲೆಕ್ಕ ಹಾಕಿ. ಒಂದು ಪರದೆಗೆ, 5 ಅಡಿಯದಾದರೆ 1.85 ಮೀಟರ್, 7 ಅಡಿಗೆ 2.45, 8 ಅಡಿಗೆ 2.75, 9 ಅಡಿಗೆ 3.05 ಮೀಟರ್. ದೊಡ್ಡ ಹೂವಿನ ವಿನ್ಯಾಸವಿದ್ದರೆ ಎರಡೂ ಪರದೆಯಲ್ಲಿ ಹೂವು ಒಂದೇ ಎತ್ತರಕ್ಕೆ ಬರಬೇಕಲ್ಲ, ವಿನ್ಯಾಸ ಎಷ್ಟು ಇಂಚಿಗೊಮ್ಮೆ ಮರಳಿ ಬರುತ್ತದೋ ಅಷ್ಟನ್ನು ಒಂದೊಂದು ಪರದೆಗೂ ಸೇರಿಸಿ. ರಿಂಗುಗಳ ಸಂಖ್ಯೆ ಸಮಸಂಖ್ಯೆಯಾಗಿರಲಿ, 48 ಇಂಚಿಗೆ 8 ಸರಿ. ಬೆಸಸಂಖ್ಯೆಯಾದರೆ ಒಂದು ಬದಿಯ ಅಂಚು ಗೋಡೆಯತ್ತ ತಿರುಗಿದರೆ ಇನ್ನೊಂದು ಕೋಣೆಯತ್ತ ತಿರುಗುತ್ತದೆ.

ಕಾಟನ್, ಖಾದಿ, ಲಿನನ್ ಬಟ್ಟೆ ಮೊದಲ ಒಗೆತದಲ್ಲಿ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ. ಕೇಳಲು ಸಣ್ಣ ಮಾತು, ಆದರೆ 7 ಅಡಿಯ ಪರದೆಯಲ್ಲಿ ಅದು ಎರಡೂವರೆಯಿಂದ ನಾಲ್ಕು ಇಂಚು. ನೆಲಕ್ಕೆ ಸರಿಯಾಗಿ ಹೊಲಿಸಿದ್ದು ಒಂದೇ ಒಗೆತಕ್ಕೆ ಗಿಡ್ಡ ಪ್ಯಾಂಟಾಗುತ್ತದೆ. ಆದ್ದರಿಂದ ಮೀಟರಿಗೆ ಐದು ಸೆಂಟಿಮೀಟರಿನಂತೆ ಹೆಚ್ಚು ಬಟ್ಟೆ ತಂದು, ರಾತ್ರಿ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿಸಿ ಟೈಲರ್‌ಗೆ ಕೊಡಿ. ಪಾಲಿಯೆಸ್ಟರಿಗೆ ಈ ಉಪಚಾರ ಬೇಡ. ಒರಟು ನೇಯ್ಗೆಯ ಲಿನನ್ ಇನ್ನೊಂದು ಆಟ ಆಡುತ್ತದೆ, ತೂಗುಹಾಕಿದ ಮೇಲೆ ತನ್ನ ಭಾರಕ್ಕೇ ಒಂದಷ್ಟು ಕೆಳಗಿಳಿಯುತ್ತದೆ. ಅಂಥದ್ದಕ್ಕೆ ಕೆಳಗಿನ ಅಂಚನ್ನು ಕಚ್ಚಾ ಹೊಲಿಗೆ ಹಾಕಿಸಿ, ನಾಲ್ಕೈದು ದಿನ ರಾಡಿನಲ್ಲೇ ಬಿಟ್ಟು, ಆಮೇಲೆ ಪಕ್ಕಾ ಮಾಡಿಸಿ.

ಕೆಳಗಿನ ಮಡಿಕೆ 4 ಇಂಚು ಇರಲಿ. ಟೈಲರ್ ಬಟ್ಟೆ ಉಳಿಸಲು ಒಂದು ಇಂಚಿಗೆ ಮುಗಿಸಿದರೆ ಅಂಚಿಗೆ ಭಾರವಿಲ್ಲದೆ ಫ್ಯಾನಿನ ಗಾಳಿಗೆ ಹಾರುತ್ತದೆ, ಮುಂದೆಂದಾದರೂ ಉದ್ದ ಮಾಡಬೇಕೆಂದರೆ ಬಿಚ್ಚಲು ಬಟ್ಟೆಯೂ ಇರುವುದಿಲ್ಲ. ಹಿಂದೆ ತೆಳು ಪರದೆ, ಮುಂದೆ ದಪ್ಪ ಪರದೆ ಹಾಕುವವರು ತೆಳುವಿನದನ್ನು ಅರ್ಧ ಇಂಚು ಗಿಡ್ಡ ಮಾಡಿಸಿ, ಇಲ್ಲದಿದ್ದರೆ ಲಂಗದಂತೆ ಕೆಳಗೆ ಇಣುಕುತ್ತದೆ.

ತಂದದ್ದು ಉದ್ದವಾದರೆ, ಗಿಡ್ಡವಾದರೆ

ಉದ್ದವಾದದ್ದನ್ನು ಮೇಜಿನ ಮೇಲೆ ಹಾಸಿ ಅಳೆದು ಕತ್ತರಿಸಬೇಡಿ. ಇಸ್ತ್ರಿ ಹಾಕಿ, ರಾಡಿಗೇರಿಸಿ, ಪೂರ್ತಿ ಮುಚ್ಚಿ. ನೆಲದಿಂದ 1 ಇಂಚು ಎತ್ತರದ ಹಲಗೆಯನ್ನು ಅಂಚಿನಡಿ ಸರಿಸುತ್ತಾ ಪ್ರತಿ ಒಂದು ಗೇಣಿಗೆ ಗುಂಡುಸೂಜಿ ಚುಚ್ಚಿ ಗುರುತು ಮಾಡಿ. ಎಡದ್ದು ಬಲದ್ದು ಎಂದು ಪಟ್ಟಿ ಅಂಟಿಸಿ, ನೆಲದ ಓರೆಯಿಂದ ಎರಡರ ಅಳತೆ ಬೇರೆ ಬಂದಿರಬಹುದು. ಗುರುತಿನಿಂದ ಕೆಳಗೆ ನಾಲ್ಕೂವರೆ ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ. ತೆಗೆಯಬೇಕಾದದ್ದು 3 ಇಂಚಿಗಿಂತ ಕಡಿಮೆ ಇದ್ದರೆ ಕತ್ತರಿಯೇ ಬೇಡ, ಹಳೆಯ ಮಡಿಕೆಯ ಮೇಲೇ ಇನ್ನೊಮ್ಮೆ ಮಡಿಸಿ ಹೊಲಿಸಿದರಾಯಿತು. ಮೇಲಿನ ರಿಂಗಿನ ಕಡೆಗೆ ಕೈಹಾಕುವುದು ಯಾವತ್ತೂ ಬೇಡ. ಇಸ್ತ್ರಿಯಿಂದ ಅಂಟುವ ಟೇಪು ತೆಳು ಬಟ್ಟೆಗೆ ತಾತ್ಕಾಲಿಕವಾಗಿ ಆದೀತು, ಒಗೆಯುತ್ತಾ ಹೋದಂತೆ ಬಿಟ್ಟುಕೊಳ್ಳುತ್ತದೆ.

ಗಿಡ್ಡವಾದದ್ದಕ್ಕೆ ಮೊದಲು ಕೆಳಗಿನ ಮಡಿಕೆ ಬಿಚ್ಚಿ ನೋಡಿ, ಮೂರು ಇಂಚಿನವರೆಗೆ ಸಿಗಬಹುದು. ಹಳೆಯ ಪರದೆಯಾದರೆ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ್ದು ಕಾಣುತ್ತದೆ, ಅದರ ಮೇಲೆ ತೆಳ್ಳನೆಯ ಲೇಸು ಹೊಲಿಸಿ ಮುಚ್ಚಬೇಕು. ಅಷ್ಟು ಸಾಲದಿದ್ದರೆ ಬೇರೆ ಬಣ್ಣದ ಪಟ್ಟಿ ಜೋಡಿಸಿ. ಪಟ್ಟಿ ಎರಡು ಮೂರು ಇಂಚಿನದಾದರೆ ತೇಪೆ ಹಾಕಿದ್ದಾರೆ ಎಂದು ಗೊತ್ತಾಗುತ್ತದೆ. ಬೇಕಿದ್ದದ್ದು 3 ಇಂಚೇ ಆದರೂ ಕೆಳಗೆ ಕತ್ತರಿಸಿ 10 ಇಂಚಿನ ಅಗಲ ಪಟ್ಟಿ ಕೊಟ್ಟರೆ ಬೇಕೆಂದೇ ಮಾಡಿಸಿದಂತಿರುತ್ತದೆ. ಪಟ್ಟಿಯ ಬಟ್ಟೆಯೂ ಪರದೆಯಷ್ಟೇ ದಪ್ಪವಿರಲಿ, ಅದನ್ನೂ ಒಮ್ಮೆ ಒಗೆದಿರಲಿ. ಇಲ್ಲದಿದ್ದರೆ ಪಟ್ಟಿ ಕುಗ್ಗಿ ಹೊಲಿಗೆಯುದ್ದಕ್ಕೂ ಸುಕ್ಕು ಬರುತ್ತದೆ. ಬಾಡಿಗೆ ಮನೆಯಲ್ಲಿ, ಹೊಸ ತೂತು ಕೊರೆಯಲು ಮಾಲೀಕರು ಒಪ್ಪದಿದ್ದರೆ, ರಾಡಿನ ಮೇಲೆ ಕ್ಲಿಪ್ಪಿರುವ ಬಳೆಗಳನ್ನು ಹಾಕಿ ಪರದೆಯ ಮೇಲಂಚನ್ನು ಅವಕ್ಕೆ ಕಚ್ಚಿಸಿದರೆ ಬಟ್ಟೆ ರಾಡಿಗಿಂತ ಕೆಳಗಿನಿಂದ ಇಳಿಯುತ್ತದೆ. ರಿಂಗಿನ ಪರದೆಗೆ ಹೋಲಿಸಿದರೆ ಮೂರು ಇಂಚಿನಷ್ಟು ಸಿಕ್ಕೀತು. ತೆಳು, ಹಗುರ ಪರದೆಗೆ ಮಾತ್ರ ಈ ಉಪಾಯ, ದಪ್ಪನೆಯದನ್ನು ಕ್ಲಿಪ್ಪು ಹಿಡಿಯುವುದಿಲ್ಲ.

ಹಿಂಬದಿಗೆ ರಬ್ಬರಿನಂಥ ಲೇಪವಿರುವ ಬ್ಲ್ಯಾಕ್‌ಔಟ್ ಪರದೆಗೆ ಗುಂಡುಸೂಜಿ ಚುಚ್ಚಬೇಡಿ. ಚುಚ್ಚಿದ ಒಂದೊಂದು ತೂತೂ ಹಾಗೇ ಉಳಿದು, ಬೆಳಗ್ಗೆ ಬಿಸಿಲು ಬಿದ್ದಾಗ ಬೆಳಕಿನ ಚುಕ್ಕೆಯಾಗಿ ಕಾಣುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮಡಿಕೆ ಹಿಡಿಸಿ ಗುರುತು ಮಾಡಿ. ಹಳೆಯ ಹೊಲಿಗೆ ಬಿಚ್ಚಿ ಉದ್ದ ಮಾಡಿದರೂ ಅಲ್ಲಿ ಸೂಜಿಯ ತೂತಿನ ಸಾಲೊಂದು ಉಳಿಯುತ್ತದೆ, ಆದ್ದರಿಂದ ಈ ಬಗೆಯದನ್ನು ಕೊಳ್ಳುವಾಗ ಉದ್ದವಾದದ್ದನ್ನೇ ಕೊಳ್ಳಿ. ಇಸ್ತ್ರಿಯನ್ನು ಬಟ್ಟೆಯ ಮುಂಬದಿಯಿಂದ, ತೀರಾ ಕಡಿಮೆ ಬಿಸಿಯಲ್ಲಿ, ಕೆಳಗೊಂದು ಹಳೆಯ ಪಂಚೆ ಹಾಸಿಕೊಂಡು ಹಾಕಿ.